ಹೊಳವಾದರೆ ಮಾಡುವ ಕೆಲಸಗಳಿಗೊಂದು ಅಂಕಣ

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯ ಒಂದು ಊರಿನಲ್ಲಿ ನಮ್ಮ ಮನೆ ಮತ್ತು ಅಡಿಕೆ ತೋಟ ಇವೆ. ಅಲ್ಲಿಂದ ಎಂಟು ಕಿಲೋಮೀಟರ್ ಆಚೆಯ ಪ್ರಾಥಮಿಕ ಶಾಲೆಯಲ್ಲಿ ನಾನು ಶಿಕ್ಷಕಿ. ತೋಟದ ಆಳುಗಳ ಲೆಕ್ಕ, ಬಿಸಿಯೂಟದ ದಾಸ್ತಾನು, ಮಕ್ಕಳ ಪರೀಕ್ಷೆ, ಅತ್ತೆಯವರ ಮಾತ್ರೆ ಮುಗಿಯುವ ದಿನ, ಗ್ಯಾಸ್ ಬುಕ್ ಮಾಡಿದ ತಾರೀಖು, ಇವೆಲ್ಲವನ್ನೂ ಒಂದೇ ತಲೆಯಲ್ಲಿ ಇಟ್ಟುಕೊಳ್ಳುವುದು ಆಗದ ಮಾತು ಎಂದು ತಿಳಿದ ಮೇಲೆ ಕಾಗದದ ಪ್ಲಾನರ್ ಇಟ್ಟುಕೊಳ್ಳಲು ಶುರುಮಾಡಿದೆ. ಮೊಬೈಲಿನಲ್ಲಿ ಅಲಾರಂ ಇಡುತ್ತೇನೆ, ಅಷ್ಟೇ. ಆಷಾಢದ ಗಾಳಿಗೆ ಮರ ಬಿದ್ದು ಎರಡು ದಿನ ಕರೆಂಟು ಇಲ್ಲದಾಗ ಚಾರ್ಜು ಉಳಿಸುವುದೇ ದೊಡ್ಡ ಕೆಲಸವಾಗುವ ಊರಿನಲ್ಲಿ, ದಿನವಹಿ ಕೆಲಸದ ಪಟ್ಟಿಯನ್ನೂ ಅದರೊಳಗೇ ಇಡಲು ನನಗೆ ಧೈರ್ಯ ಬರಲಿಲ್ಲ.

ನಾನು ಮೊದಲು ಬಳಸಿದ್ದು ಹೊಸವರ್ಷಕ್ಕೆ ಉಡುಗೊರೆಯಾಗಿ ಬಂದ, ದಿನಕ್ಕೊಂದು ಪುಟದ ದಪ್ಪ ಡೈರಿ. ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ಗಂಟೆಗೊಂದು ಗೆರೆ ಅದರಲ್ಲಿ ಅಚ್ಚಾಗಿತ್ತು. ಜನವರಿ ಕಳೆಯುವಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ಪುಟಗಳು ಖಾಲಿಯೇ ಉಳಿದಿದ್ದವು. ಬರೆದಿದ್ದ ಕೆಲಸಗಳಲ್ಲಿ ಎಷ್ಟೋ ಆ ದಿನ ಆಗದೆ, ಪುಟ ಮಗುಚಿದೊಡನೆ ಕಣ್ಣಿನಿಂದಲೇ ಮರೆಯಾಗಿದ್ದವು. ನನ್ನಲ್ಲಿ ಶಿಸ್ತು ಸಾಲದು ಎಂದು ಆಗ ಬಹಳ ನೊಂದುಕೊಂಡೆ. ಗಂಟೆಯ ಗೆರೆಗಳು ಬೇಕಾಗುವುದು ದಿನವಿಡೀ ಜನರನ್ನು ಹೊತ್ತು ಗೊತ್ತುಮಾಡಿ ಭೇಟಿಯಾಗುವವರಿಗೆ, ಅಂದರೆ ವೈದ್ಯರಿಗೆ, ವಕೀಲರಿಗೆ. ನನ್ನ ಶಾಲೆಯ ವೇಳಾಪಟ್ಟಿ ಗೋಡೆಯ ಮೇಲೆಯೇ ಇದೆ, ಅದನ್ನು ಮತ್ತೆ ಬರೆಯಬೇಕಾಗಿಲ್ಲ. ಉಳಿದ ಕೆಲಸಗಳು ಗಡಿಯಾರಕ್ಕಿಂತ ಹೆಚ್ಚಾಗಿ ಮಳೆಯ ಮಾತು ಕೇಳುವಂಥವು.

ಎರಡನೆಯದನ್ನು ಕೊಳ್ಳುವ ಮೊದಲು ನಾನು ಮಾಡಿದ ಒಂದು ಕೆಲಸವನ್ನು ಪ್ಲಾನರ್ ಕೊಳ್ಳಬೇಕೆಂದಿರುವ ಎಲ್ಲರಿಗೂ ಹೇಳಬಯಸುತ್ತೇನೆ. ಜುಲೈ ತಿಂಗಳಲ್ಲಿ ಎರಡು ವಾರ, ನೆನಪಿಡಬೇಕಾದ ಒಂದೊಂದು ವಿಷಯವನ್ನೂ ಹಳೆಯ ಉತ್ತರಪತ್ರಿಕೆಗಳ ಹಿಂಬದಿಯಿಂದ ಹರಿದ ಚೀಟಿಗಳಲ್ಲಿ ಬರೆದು ಒಂದು ಡಬ್ಬಿಗೆ ಹಾಕುತ್ತ ಹೋದೆ. ಕೊನೆಯ ಭಾನುವಾರ ಜಗಲಿಯಲ್ಲಿ ಕುಳಿತು ಎಲ್ಲವನ್ನೂ ಹರಡಿ ವಿಂಗಡಿಸಿದಾಗ ಮೂರು ಗುಂಪುಗಳಾದವು. ಇಂಥ ದಿನವೇ ಆಗಬೇಕಾದವು ಎಲ್ಲಕ್ಕಿಂತ ಕಡಿಮೆ ಇದ್ದವು. ಈ ವಾರದೊಳಗೆ ಯಾವಾಗಲಾದರೂ ಆದರೆ ಸಾಕು ಎನ್ನುವವು ಎಲ್ಲಕ್ಕಿಂತ ಹೆಚ್ಚು. ಮೂರನೆಯ ಗುಂಪನ್ನು ನಾನು ನಿರೀಕ್ಷಿಸಿರಲಿಲ್ಲ: ಮಳೆ ಹೊಳವಾದರೆ, ಅಂದರೆ ನಡುವೆ ಮಳೆ ಬಿಟ್ಟು ಬಿಸಿಲು ಕಂಡರೆ, ಮಾಡುವ ಕೆಲಸಗಳು. ಕಂಬಳಿ ಒಣಗಿಸುವುದು, ಜಾರಿದ ಹೆಂಚು ಸರಿಮಾಡಿಸುವುದು, ತೋಟಕ್ಕೆ ಔಷಧಿ ಹೊಡೆಸುವುದು, ಅಂಗಳದ ಪಾಚಿ ತಿಕ್ಕಿಸುವುದು. ಇವಕ್ಕೆ ತಾರೀಖು ಹಾಕಿದರೆ ಆ ತಾರೀಖು ಸುಳ್ಳಾಗುತ್ತದೆ, ಹಾಕದಿದ್ದರೆ ಕೆಲಸವೇ ಮರೆತುಹೋಗುತ್ತದೆ. ಅಂಗಡಿಗೆ ಹೋಗುವ ಮೊದಲೇ ನನಗೆ ಬೇಕಾದ ಪುಟದ ಆಕಾರ ಈ ಚೀಟಿಗಳಿಂದ ಗೊತ್ತಾಯಿತು.

ಆದ್ದರಿಂದ ನಾನು ಆರಿಸಿಕೊಂಡದ್ದು ವಾರಕ್ಕೆ ಎದುರುಬದುರು ಎರಡು ಪುಟಗಳಿರುವ ಪ್ಲಾನರ್. ಎಡಪುಟದಲ್ಲಿ ಏಳು ದಿನಗಳಿಗೆ ಏಳು ಚಿಕ್ಕ ಮನೆಗಳಿರುತ್ತವೆ, ಬಲಪುಟದಲ್ಲಿ ಬರೀ ಗೆರೆಗಳು. ಆ ಬಲಪುಟವನ್ನು ನಾನೇ ಅಡಿಪಟ್ಟಿ ಇಟ್ಟು ಎರಡು ಭಾಗ ಮಾಡಿ, ಒಂದಕ್ಕೆ ‘ಈ ವಾರ’ ಎಂದೂ ಇನ್ನೊಂದಕ್ಕೆ ‘ಹೊಳವಾದರೆ’ ಎಂದೂ ತಲೆಬರಹ ಕೊಡುತ್ತೇನೆ. ಶಾಲೆಯಿಂದ ಬಂದಾಗ ಬಿಸಿಲು ಕಂಡರೆ ಮೊದಲು ನೋಡುವುದು ಈ ಎರಡನೆಯ ಅಂಕಣವನ್ನು. ವಾರದ ಕೊನೆಗೆ ಉಳಿದದ್ದನ್ನು ಬಾಣದ ಗುರುತು ಹಾಕಿ ಮುಂದಿನ ವಾರಕ್ಕೆ ಕೈಯಾರೆ ಬರೆದುಕೊಳ್ಳುತ್ತೇನೆ. ಅಮೆರಿಕದ ರೈಡರ್ ಕ್ಯಾರಲ್ ಎಂಬ ವಿನ್ಯಾಸಕಾರರು 2013ರಲ್ಲಿ ಜನರ ಮುಂದಿಟ್ಟ ಬುಲೆಟ್ ಜರ್ನಲ್ ಕ್ರಮದಲ್ಲಿಯೂ ಹೀಗೆ ಉಳಿದ ಕೆಲಸವನ್ನು ಗುರುತು ಹಾಕಿ ಮುಂದಕ್ಕೆ ಬರೆಯುವ ಪದ್ಧತಿ ಇದೆ. ಒಂದೇ ಕೆಲಸವನ್ನು ಮೂರು ಸಲ ಬರೆಯುವಷ್ಟರಲ್ಲಿ ಅದು ನಿಜವಾಗಿ ಬೇಕೇ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಆದರೆ ಆ ಕ್ರಮದಲ್ಲಿ ಎಲ್ಲ ಪುಟಗಳನ್ನೂ ನಾವೇ ಸಿದ್ಧಪಡಿಸಿಕೊಳ್ಳಬೇಕು. ಅಷ್ಟು ಬಿಡುವು ನನಗೆ ಇಲ್ಲದ್ದರಿಂದ ಬಾಣವನ್ನಷ್ಟೇ ಇಟ್ಟುಕೊಂಡೆ.

ವಾರದ ಪುಟಗಳಿಂದ ತೋಟಕ್ಕೆ ಆದ ಉಪಕಾರ ನಾನು ಎಣಿಸಿರದಂಥದು. ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆ ಶೇಕಡಾ ಒಂದರ ಬೋರ್ಡೋ ದ್ರಾವಣವನ್ನು, ಅಂದರೆ 100 ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ ಮತ್ತು ಒಂದು ಕೆ.ಜಿ. ಸುಣ್ಣದಂತೆ, ಮುಂಗಾರು ಹಿಡಿಯುವ ಮೊದಲು ಒಮ್ಮೆ ಸಿಂಪಡಿಸಿ, ಮತ್ತೆ 40ರಿಂದ 45 ದಿನಗಳಿಗೆ ಎರಡನೆಯ ಸಲ ಸಿಂಪಡಿಸಬೇಕು. ಮೊದಲ ಔಷಧಿ ಮುಗಿದ ದಿನವೇ ನಾನು ಆರು ವಾರ, ಅಂದರೆ ಆರು ಹಾಳೆ ಮುಂದಕ್ಕೆ ಮಗುಚಿ, ಅಲ್ಲಿಯ ‘ಹೊಳವಾದರೆ’ ಅಂಕಣದಲ್ಲಿ ‘ಎರಡನೇ ಔಷಧಿ’ ಎಂದು ಬರೆಯುತ್ತೇನೆ, ಅದಕ್ಕಿಂತ ಎರಡು ಹಾಳೆ ಹಿಂದೆ ‘ತುತ್ತ, ಸುಣ್ಣ ಇದೆಯೇ ನೋಡು, ಔಷಧಿ ಹೊಡೆಯುವವರಿಗೆ ಹೇಳು’ ಎಂದು ಬರೆಯುತ್ತೇನೆ. ಊರಿನ ಎಲ್ಲ ತೋಟಗಳಿಗೂ ಹೊಳವು ಒಂದೇ ದಿನ ಬರುವುದರಿಂದ ಮುಂಚೆ ಹೇಳಿಡದವರಿಗೆ ಆಳು ಸಿಗುವುದಿಲ್ಲ.

ಅಳತೆಯ ಬಗ್ಗೆ ನನಗೆ ಗೊಂದಲವಿರಲಿಲ್ಲ. ಎ5, ಅಂದರೆ 148 ಮಿಲಿಮೀಟರ್ ಅಗಲ 210 ಮಿಲಿಮೀಟರ್ ಎತ್ತರ, ನಮ್ಮ ಮಾಮೂಲಿ ಎ4 ಹಾಳೆಯ ಸರಿಯಾಗಿ ಅರ್ಧ. ಶಾಲೆಯ ಸುತ್ತೋಲೆಯನ್ನು ಒಂದು ಮಡಿಕೆ ಮಾಡಿದರೆ ಒಳಗೆ ಕೂರುತ್ತದೆ. ತೂಕವನ್ನು ಮಾತ್ರ ಲೆಕ್ಕ ಹಾಕಿ ನೋಡಬೇಕು. 80 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 80 ಗ್ರಾಂ ತೂಗುವ ಕಾಗದದ ಎ5 ಹಾಳೆ ಸುಮಾರು ಎರಡೂವರೆ ಗ್ರಾಂ ತೂಗುತ್ತದೆ. ದಿನಕ್ಕೊಂದು ಪುಟವಾದರೆ 183 ಹಾಳೆ, ರಟ್ಟು ಬಿಟ್ಟೇ ಸುಮಾರು 450 ಗ್ರಾಂ. ವಾರಕ್ಕೆರಡು ಪುಟವಾದರೆ 53 ಹಾಳೆ, 130 ಗ್ರಾಂ ಚಿಲ್ಲರೆ. ಊಟದ ಡಬ್ಬಿ, ನೀರಿನ ಬಾಟಲಿ, ಕೊಡೆ, ತಿದ್ದಬೇಕಾದ ನೋಟುಪುಸ್ತಕಗಳನ್ನು ಹೊತ್ತು ಬಸ್ಸಿಗೆ ಓಡುವವರಿಗೆ ಈ ವ್ಯತ್ಯಾಸ ಚಿಕ್ಕದಲ್ಲ. ಭಾರವಾದ ಪುಸ್ತಕ ಮನೆಯಲ್ಲೇ ಉಳಿಯುತ್ತದೆ, ಮನೆಯಲ್ಲಿ ಉಳಿದ ಪ್ಲಾನರಿನಿಂದ ಶಾಲೆಯಲ್ಲಿ ಏನೂ ಉಪಯೋಗವಿಲ್ಲ.

ಕಾಗದದ ವಿಷಯದಲ್ಲಿ ಮಲೆನಾಡಿನವರು ಬೇರೆ ಕಡೆಯವರಿಗಿಂತ ಹೆಚ್ಚು ಎಚ್ಚರವಹಿಸಬೇಕು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ; ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಬೀಳುವುದರಿಂದ, ಮುಟ್ಟಿದ ವಸ್ತುವೆಲ್ಲ ತಂಪಾಗಿರುತ್ತದೆ. ಕಾಗದದ ನಾರು ಗಾಳಿಯ ತೇವವನ್ನು ಹೀರಿಕೊಂಡು ಉಬ್ಬುತ್ತದೆ, ತೆಳು ಹಾಳೆಯಾದರೆ ಶಾಯಿ ಹಿಂಬದಿಗೆ ಇಳಿಯುತ್ತದೆ. ಶಿವಮೊಗ್ಗದ ದುರ್ಗಿಗುಡಿಯ ಅಂಗಡಿಯಲ್ಲಿ ಬೇಸಿಗೆಯಲ್ಲಿ ಬರೆದು ನೋಡಿದಾಗ ಚೆನ್ನಾಗಿದ್ದ ಕಾಗದ ಜುಲೈನಲ್ಲಿ ಹಾಗೆ ಇರುವುದಿಲ್ಲ. ಹಾಗಾಗಿ ನಾನು ಅದೇ ಕಾಗದದ ಒಂದು ಚಿಕ್ಕ ಪುಸ್ತಕವನ್ನು ಮೊದಲು ಕೊಂಡು, ಇಂಕ್ ಪೆನ್, ಜೆಲ್ ಪೆನ್, ಬಾಲ್ ಪೆನ್, ಪೆನ್ಸಿಲ್ ಹೀಗೆ ನಾಲ್ಕರಲ್ಲೂ ಬರೆದು, ಮಳೆಗಾಲದಲ್ಲಿ ಒಂದು ವಾರ ಕಿಟಕಿಯ ಹತ್ತಿರ ಇಟ್ಟೆ. ಇಂಕ್ ಪೆನ್ನಿನ ಬರಹವೂ ನನ್ನಲ್ಲಿದ್ದ ಜೆಲ್ ಪೆನ್ನಿನ ಬರಹವೂ ಹರಡಿದವು. ಎಣ್ಣೆಯಂಶದ ಶಾಯಿಯ ಬಾಲ್ ಪೆನ್ ಮತ್ತು ಪೆನ್ಸಿಲ್ ಬರಹ ಇದ್ದ ಹಾಗೇ ಉಳಿದವು. ಅಂದಿನಿಂದ ನಿಶ್ಚಿತ ತಾರೀಖಿನವನ್ನು ಬಾಲ್ ಪೆನ್ನಿನಲ್ಲೂ ಹೊಳವಿನ ಕೆಲಸಗಳನ್ನು ಪೆನ್ಸಿಲಿನಲ್ಲೂ ಬರೆಯುತ್ತಿದ್ದೇನೆ.

ಬೈಂಡಿಂಗ್ ನೋಡಲು ಪುಸ್ತಕವನ್ನು ನೆಟ್ಟಗೆ ನಿಲ್ಲಿಸಿ ಬೆನ್ನಿನ ಮೇಲ್ತುದಿಯನ್ನು ಗಮನಿಸಬೇಕು. ಹಾಳೆಗಳು ಚಿಕ್ಕಚಿಕ್ಕ ಕಟ್ಟುಗಳಾಗಿ ಮಡಿಸಿಕೊಂಡಿದ್ದು, ಕಟ್ಟಿನ ನಡುವಿನ ಹಾಳೆ ತೆರೆದಾಗ ದಾರ ಕಂಡರೆ ಅದು ಹೊಲಿಗೆಯದು. ಬರೀ ಅಂಟು ಹಾಕಿದ್ದು ನನ್ನ ಮೊದಲ ಡೈರಿ. ಆಗಸ್ಟಿನಲ್ಲಿ ಅದರ ಹಾಳೆಗಳು ಒಂದೊಂದಾಗಿ ಕಳಚಿಬಂದವು. ತಂತಿ ಸುರುಳಿಯದು ಪೂರ್ತಿ ತೆರೆದುಕೊಳ್ಳುತ್ತದೆ ನಿಜ, ಆದರೆ ಎರಡನೆಯ ಮಳೆಗಾಲಕ್ಕೆ ತಂತಿಗೆ ತುಕ್ಕು ಹಿಡಿದು ಪುಟದಂಚಿನಲ್ಲಿ ಕಂದು ಕಲೆಗಳಾದವು.

ವರ್ಷ ಎಲ್ಲಿಂದ ಶುರುವಾಗಬೇಕು ಎಂಬುದನ್ನು ನಿರ್ಧರಿಸಲು ನನಗೆ ಎಲ್ಲಕ್ಕಿಂತ ಹೆಚ್ಚು ಕಾಲ ಹಿಡಿಯಿತು. ಅಂಗಡಿಯ ಡೈರಿಗಳು ಜನವರಿಗೆ ಆರಂಭವಾಗುತ್ತವೆ. ಆಗ ನಮ್ಮಲ್ಲಿ ಅಡಿಕೆ ಗೊನೆಯ ಕೊಯ್ಲು, ಸುಲಿತ, ಬೇಯಿಸಿ ಒಣಗಿಸುವುದು ನಡೆದಿರುತ್ತದೆ. ಹೊಸ ಪುಸ್ತಕ ತೆರೆದು ಯೋಚಿಸುವ ವ್ಯವಧಾನ ಯಾರಿಗೂ ಇರುವುದಿಲ್ಲ. ಏಪ್ರಿಲ್ 1ರ ಆರ್ಥಿಕ ವರ್ಷದ ಹೊತ್ತಿಗೆ ಪರೀಕ್ಷೆ, ಫಲಿತಾಂಶದ ಕೆಲಸ. ನಿಜವಾಗಿ ನನ್ನ ವರ್ಷ ತಿರುಗುವುದು ಮೇ ತಿಂಗಳ ಕೊನೆಯಲ್ಲಿ, ಶಾಲೆ ತೆರೆಯುವಾಗ ಮತ್ತು ಮಳೆ ಹಿಡಿಯುವಾಗ. ಆದ್ದರಿಂದ ತಾರೀಖು ಅಚ್ಚಾಗದ ಪ್ಲಾನರನ್ನೇ ಕೊಳ್ಳುತ್ತೇನೆ. ರಜೆಯ ಕೊನೆಯ ಭಾನುವಾರ ಇಡೀ ವರ್ಷದ ತಾರೀಖುಗಳನ್ನು ಬರೆದು ಮುಗಿಸಲು ಒಂದು ಗಂಟೆ ಸಾಕು. ಗೋಡೆಯ ಕ್ಯಾಲೆಂಡರ್ ನೋಡಿ ಮಳೆನಕ್ಷತ್ರಗಳನ್ನೂ ಆಗಲೇ ಬರೆದುಕೊಳ್ಳುತ್ತೇನೆ. ಒಂದೊಂದು ನಕ್ಷತ್ರ ಸುಮಾರು ಹದಿಮೂರೂವರೆ ದಿನ ಇರುವುದರಿಂದ ಸಾಮಾನ್ಯವಾಗಿ ಎರಡು ವಾರಕ್ಕೊಂದರಂತೆ ಪುಟದ ನೆತ್ತಿಯಲ್ಲಿ ಮೃಗಶಿರ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ ಎಂದು ಬರುತ್ತ ಹೋಗುತ್ತವೆ. ಅತ್ತೆಯವರು ಕೆಲಸ ಹೇಳುವುದು ‘ಆರಿದ್ರಾ ಮಳೆ ಮುಗಿಯುವುದರೊಳಗೆ’ ಎಂಬ ಲೆಕ್ಕದಲ್ಲಿ. ಈಗ ಅವರ ಮಾತೂ ನನ್ನ ಪುಟವೂ ಹೊಂದಿಕೊಳ್ಳುತ್ತವೆ.

ಮುಗಿದ ಪ್ಲಾನರುಗಳನ್ನು ಒಲೆಯ ಮೇಲಿನ ಅಟ್ಟದಲ್ಲಿ ಡಬ್ಬಿಯೊಳಗೆ ಇಡುತ್ತೇನೆ, ಅಲ್ಲಿ ಬೂಷ್ಟು ಬರುವುದಿಲ್ಲ. ಹೊಸದಕ್ಕೆ ತಾರೀಖು ಬರೆಯುವ ದಿನ ಹಿಂದಿನ ವರ್ಷದ್ದನ್ನು ಇಳಿಸಿ ಪಕ್ಕದಲ್ಲಿ ತೆರೆದಿಟ್ಟುಕೊಂಡು, ಮೊದಲ ಔಷಧಿ ಯಾವ ವಾರ ಆಯಿತು, ಎಷ್ಟು ಕೆ.ಜಿ. ತುತ್ತ ಬೇಕಾಯಿತು, ಯಾವ ತಿಂಗಳು ಬಿಸಿಯೂಟದ ಅಕ್ಕಿ ತಡವಾಯಿತು ಎಂಬುದನ್ನು ಆಯಾ ವಾರದ ಮೂಲೆಗೆ ಪೆನ್ಸಿಲಿನಲ್ಲಿ ಇಳಿಸಿಕೊಳ್ಳುತ್ತೇನೆ. ಈ ಸಲ ಅತ್ತೆಯವರೂ ಪಕ್ಕಕ್ಕೆ ಬಂದು ಕುಳಿತು, ಉಪ್ಪಿನಕಾಯಿಗೆ ಮಿಡಿ ತಂದ ದಿನವನ್ನೂ ಬರೆದಿಡಲು ಹೇಳಿದರು.