ಮನೆಯವರಿಗೋಸ್ಕರ ಎಷ್ಟು ಬಿಟ್ಟುಕೊಡಬೇಕು, ಹೇಗೆ ನಿರ್ಧಾರ ಮಾಡೋದು

ಮುಂಬೈ ಕನ್ನಡಿಗರ ಎಷ್ಟೋ ಮನೆಗಳಲ್ಲಿ ಒಬ್ಬ ದೊಡ್ಡಪ್ಪ ಇರ್ತಾರೆ, ಚಿಕ್ಕ ವಯಸ್ಸಲ್ಲೇ ಊರು ಬಿಟ್ಟು ಬಂದು ಫೋರ್ಟ್ ಕಡೆ ಹೋಟೆಲಲ್ಲಿ ಟೇಬಲ್ ಒರೆಸಿ, ರಾತ್ರಿ ಶಾಲೆಲಿ ಓದಿ, ತಮ್ಮ ತಂಗಿಯರನ್ನ ದಡ ಸೇರಿಸಿದವರು. ಆ ಋಣ ನೋಡ್ತಾ ಬೆಳೆದವರಿಗೆ "ನಂಗೂ ಬೇಕು" ಅನ್ನೋಕೆ ನಾಲಿಗೆ ಏಳಲ್ಲ. ಆದ್ರೆ ಅತ್ತೆನ ನೋಡ್ಕೊಳೋಕೆ ಕೆಲಸ ಬಿಡ್ಬೇಕಾ, ಡೊಂಬಿವಲಿ ಫ್ಲ್ಯಾಟ್ ಮಗನ ಹೆಸರಿಗೆ ಮಾಡ್ಬೇಕಾ ಅನ್ನೋ ಪ್ರಶ್ನೆ ಬಂದಾಗ ಸಂಕೋಚಕ್ಕೆ ಹೂಂ ಅಂದುಬಿಟ್ರೆ ವರ್ಷಗಟ್ಟಲೆ ಒಳಗೇ ಕುದಿಯೋದಾಗುತ್ತೆ.

ಮೊದಲು ಹೀಗೆ ಕೇಳ್ಕೊಳ್ಳಿ: ನಾನು ಬಿಡ್ತಿರೋದು ನಂಗೆ ದೊಡ್ಡದಾ, ಯಾರಿಗೋಸ್ಕರ ಬಿಡ್ತಿದೀನೋ ಅವರು ದೊಡ್ಡವರಾ? ಸ್ವಹಿತವೇ ನೀತಿ ಅಂತ ವಾದ ಮಾಡಿದ ಅಮೆರಿಕದ ಲೇಖಕಿ ಅಯ್ನ್ ರ‍್ಯಾಂಡ್ 1964ರ ಪುಸ್ತಕದಲ್ಲಿ ಹೇಳೋದು ಇದನ್ನೇ, ಹೆಚ್ಚಿನದನ್ನ ಕಮ್ಮಿಯದಕ್ಕೋಸ್ಕರ ಬಿಟ್ರೆ ಮಾತ್ರ ತ್ಯಾಗ, ಹೆಂಡ್ತಿನ ತುಂಬಾ ಪ್ರೀತಿಸೋನು ಅವಳ ಕಾಯಿಲೆಗೆ ಇದ್ದಬದ್ದ ದುಡ್ಡೆಲ್ಲಾ ಸುರಿದ್ರೆ ಅದು ತ್ಯಾಗವೇ ಅಲ್ಲ, ಅವಳು ಉಳಿಯೋದ್ರಲ್ಲೇ ಅವನ ಸುಖ ಇದೆ ಅಂತ. ಪ್ರಶ್ನೆ ಚೆನ್ನಾಗಿದೆ, ಇಟ್ಕೊಳ್ಳಿ. ಉತ್ತರ ಮಾತ್ರ ನಾನು ಒಪ್ಪಲ್ಲ. ಹಾಸಿಗೆ ಹಿಡಿದ ಹೆಂಡ್ತಿಗೆ "ನೀನಿದ್ರೆ ನನಗೆ ಸುಖ, ಅದಕ್ಕೆ ಖರ್ಚು ಮಾಡ್ತಿದೀನಿ" ಅಂದು ನೋಡಿ, ಅವಳ ಮುಖ ಏನಾಗುತ್ತೆ! ಇಂಗ್ಲೆಂಡಿನ ಪಾದ್ರಿ, ತತ್ವಜ್ಞಾನಿ ಜೋಸೆಫ್ ಬಟ್ಲರ್ 1726ರಲ್ಲೇ ಇದನ್ನ ಬಿಡಿಸಿ ಹೇಳಿದ್ರು, ಅವರಿಗೆ ಒಳ್ಳೇದಾಗ್ಲಿ ಅನ್ನೋ ಆಸೆ ಮೊದಲೇ ಇದ್ರೆ ತಾನೇ ಅದು ಆದಾಗ ನಮಗೆ ಖುಷಿ, ಖುಷಿಗೋಸ್ಕರ ಆಸೆ ಹುಟ್ಟೋದಲ್ಲ. ಹಾಗಂತ ಬರೀ ಕರ್ತವ್ಯವೂ ಸಾಲದು. ಆಸ್ಪತ್ರೆಲಿ ನಿಮ್ಮನ್ನ ನೋಡೋಕೆ ಬಂದ ಸ್ನೇಹಿತ "ಬರೋದು ಕರ್ತವ್ಯ, ಅದಕ್ಕೆ ಬಂದೆ" ಅಂದ್ರೆ ಹೇಗಿರುತ್ತೆ ಅಂತ ತತ್ವಶಾಸ್ತ್ರದ ಪ್ರೊಫೆಸರ್ ಮೈಕಲ್ ಸ್ಟಾಕರ್ 1976ರಲ್ಲಿ ಬರೆದಿದ್ದು ನಂಗೆ ಇವತ್ತಿಗೂ ಸರಿ ಅನ್ಸುತ್ತೆ. ಅಂದ್ರೆ ಕೊಡೋದು ಪ್ರೀತಿಯಿಂದ, ಎಷ್ಟು ಕೊಡ್ಬೇಕು ಅನ್ನೋದು ಮಾತ್ರ ಲೆಕ್ಕದಿಂದ.

ಆ ಲೆಕ್ಕನ ಮನಸಲ್ಲಿ ಹಾಕ್ಬೇಡಿ, ಎದುರು ಕೂತು ಹಾಕಿ. ಕೆಲಸ ಬಿಡೋದಾದ್ರೆ ಇಎಂಐ ಯಾರು ಕಟ್ತಾರೆ, ನಿಮ್ಮ ಪಿಎಫ್ ನಿಲ್ಲುತ್ತಲ್ಲ ಅದಕ್ಕೇನು, ಊರಲ್ಲಿರೋ ಭಾವ ತಿಂಗಳಿಗೆ ಎಷ್ಟು ಕಳಿಸ್ತಾರೆ, ಸಂಬಳ ಕೊಟ್ಟು ಆಯಾ ಇಟ್ರೆ ನೀವು ಅರ್ಧ ದಿನದ ಕೆಲಸನಾದ್ರೂ ಉಳಿಸ್ಕೋಬಹುದಾ, ಎಲ್ಲಾ ಕೇಳಿ. ಗಣೇಶ ಚೌತಿವರೆಗೆ ಅಂತ ಒಂದು ಗಡುವು ಇಡಿ, ಆಮೇಲೆ ಮತ್ತೆ ಮಾತಾಡೋಣ ಅನ್ನಿ. ಅತ್ತೆನೂ ಕೇಳಿ, ಅವರಿಗೇ ಸೊಸೆ ಕೆಲಸ ಬಿಡೋದು ಬೇಡ ಇರ್ಬಹುದು, ಎಷ್ಟೋ ಸಲ ಅವರನ್ನ ಬಿಟ್ಟು ಮನೆಯವರೆಲ್ಲಾ ಅವರ ಬಗ್ಗೆ ನಿರ್ಧಾರ ಮಾಡ್ತಿರ್ತಾರೆ. ಇನ್ನೊಂದು ಮಾತು, ಪ್ರತಿ ಸಲ ಬಿಡೋದು ಸೊಸೆ ಇಲ್ಲಾ ದೊಡ್ಡ ಮಗಳೇ ಆಗಿದ್ರೆ ಅದನ್ನ ಪ್ರೀತಿ ಅನ್ನೋಕಾಗಲ್ಲ, ಅನ್ಯಾಯ ಅಷ್ಟೇ.

ಫ್ಲ್ಯಾಟ್ ಕೊಡೋ ಹಿರಿಯರು ದಯವಿಟ್ಟು ಬಾಯಿಮಾತಲ್ಲಿ ಕೊಡ್ಬೇಡಿ. 2007ರ ಹಿರಿಯ ನಾಗರಿಕರ ಕಾಯ್ದೆ, ಸೆಕ್ಷನ್ 23 ಇದೆ. 60 ದಾಟಿದವರು "ನನ್ನನ್ನ ನೋಡ್ಕೋಬೇಕು" ಅನ್ನೋ ಷರತ್ತಿನ ಮೇಲೆ ಆಸ್ತಿ ಕೊಟ್ಟು, ತಗೊಂಡವರು ನೋಡ್ಕೊಳ್ಳದಿದ್ರೆ ಟ್ರಿಬ್ಯುನಲ್‌ಗೆ ಹೋಗಿ ಅದನ್ನ ರದ್ದು ಮಾಡಿಸ್ಬಹುದು. ಅದಕ್ಕೇ ಆ ಷರತ್ತು ಗಿಫ್ಟ್ ಡೀಡ್‌ನಲ್ಲೇ ಬರೆಸಿ, ವಕೀಲರಿಗೆ ತೋರಿಸಿ. ಮಗನ ಮೇಲೆ ನಂಬಿಕೆ ಇಲ್ಲ ಅಂತಲ್ಲ, ಒಳ್ಳೇ ಮಗನಿಗೆ ಆ ಸಾಲಿಂದ ಏನೂ ತೊಂದರೆ ಇಲ್ಲ.

ಸಣ್ಣಪುಟ್ಟದಕ್ಕೆ ಇದೆಲ್ಲಾ ಬೇಡ. ರಾತ್ರಿ ಎದ್ದು ನೀರು ಕೊಡೋದು, ಭಾನುವಾರದ ಪ್ಲ್ಯಾನ್ ಬಿಡೋದು, ಸುಮ್ನೆ ಮಾಡಿ, ಮರ್ತುಬಿಡಿ. ಆದ್ರೆ ತಮ್ಮನ ಜೂಜಿನ ಸಾಲ ಮತ್ತೆ ಮತ್ತೆ ತೀರಿಸೋದು ಬೇರೆ ವಿಷಯ, ಅದರಿಂದ ಅವನಿಗೂ ಒಳ್ಳೇದಾಗಲ್ಲ. ಅಲ್ಲಿ ಇಲ್ಲ ಅನ್ನಿ, ಬೈಯದೆ ಅನ್ನಿ: "ದುಡ್ಡು ಕೊಡಲ್ಲ ಕಣೋ, ಡಾಕ್ಟರ್ ಹತ್ರ ಹೋಗೋದಾದ್ರೆ ನಾಳೆನೇ ರಜಾ ಹಾಕಿ ಜೊತೆಗೆ ಬರ್ತೀನಿ."