ಮಿದುಳಿನ ಒಂದು ಹೋಳಿನಲ್ಲಿ ನಿದ್ದೆಯ ತಾಳ ಹುಟ್ಟಿಸುವುದು ಹೇಗೆ?

ಗಾಢ ನಿದ್ದೆಯಲ್ಲಿ ನಮ್ಮ ಮಿದುಳಿನ ಹೊರಪದರದ ನರಕೋಶಗಳು ಸುಮಾರು ಸೆಕೆಂಡಿಗೊಮ್ಮೆ ಒಟ್ಟಿಗೇ ಚುರುಕಾಗುತ್ತವೆ, ಒಟ್ಟಿಗೇ ಸುಮ್ಮನಾಗುತ್ತವೆ. ಕೆನಡಾದ ಲವಾಲ್ ವಿಶ್ವವಿದ್ಯಾಲಯದ ಮಿರ್ಚಾ ಸ್ಟೆರಿಯಾಡೆ ತಂಡ 1993ರಲ್ಲಿ, ಅರಿವಳಿಕೆ ಕೊಟ್ಟ ಬೆಕ್ಕುಗಳಲ್ಲಿ ಇದನ್ನು ವಿವರವಾಗಿ ತೋರಿಸಿತು. ಈ ತಾಳಕ್ಕೆ ಇಡೀ ಮಿದುಳು ಬೇಕಾ? ಬೇಡ, ಒಂದು ಹೋಳು ಸಾಕು ಅಂತ 2000ದಲ್ಲಿ ಮಾರಿಯಾ ಸಾಂಚೆಸ್-ವಿವೆಸ್ ಮತ್ತು ಡೇವಿಡ್ ಮೆಕಾರ್ಮಿಕ್ ತೋರಿಸಿದರು. ಅವರ ಪ್ರಯೋಗದ ಹಂತಗಳು ಹೀಗಿವೆ.

ಮೊದಲು ಹೋಳು. ಫೆರೆಟ್ ಎಂಬ ಸಣ್ಣ ಪ್ರಾಣಿಯ ಮಿದುಳಿನ ಹೊರಪದರದಿಂದ ಸುಮಾರು 0.4 ಮಿ.ಮೀ. ದಪ್ಪಕ್ಕೆ ಕತ್ತರಿಸಿ, ಆಮ್ಲಜನಕ ಹಾಯಿಸಿದ ಬೆಚ್ಚಗಿನ ಉಪ್ಪುದ್ರವದಲ್ಲಿ ಇಡಬೇಕು.

ಎರಡನೆಯದು ದ್ರವದ ಹದ. ಗುಟ್ಟೆಲ್ಲ ಇಲ್ಲೇ ಇದೆ. ಪ್ರಯೋಗಾಲಯಗಳಲ್ಲಿ ರೂಢಿಯಲ್ಲಿದ್ದ ದ್ರವದಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ತಲಾ 2 ಮಿಲಿಮೋಲಾರ್ (ದ್ರವದಲ್ಲಿ ಕರಗಿದ್ದು ಎಷ್ಟೆಂಬುದರ ಅಳತೆ), ಪೊಟ್ಯಾಸಿಯಂ 2.5 ಇರುತ್ತಿತ್ತು. ಅದರಲ್ಲಿ ಹೋಳು ಮೌನವಾಗಿತ್ತು. ಮೊದಲಿನ ಎರಡನ್ನೂ ಸುಮಾರು 1ಕ್ಕೆ ಇಳಿಸಿ, ಪೊಟ್ಯಾಸಿಯಂ ಅನ್ನು 3.5ಕ್ಕೆ ಏರಿಸಿದರು. ಜೀವಂತ ಮಿದುಳಿನ ದ್ರವ ಇದಕ್ಕೇ ಹತ್ತಿರ. ಕೋಶಗಳು ಸುಲಭವಾಗಿ ಕೆರಳುವಂತಾದವು, ಕೆಲವು ಸೆಕೆಂಡಿಗೊಮ್ಮೆ ತಾಳ ತಾನಾಗಿಯೇ ಶುರುವಾಯಿತು. ಅಂದರೆ ಆವರೆಗಿನ ಮೌನ ಹೋಳಿನ ದೋಷವಲ್ಲ, ದ್ರವದ್ದು!

ಮುಂದಿನದು ಕೋಶಗಳದೇ ಕೆಲಸ. ಸಾಮಾನ್ಯವಾಗಿ, ಹೊರಪದರದೊಳಗಿನ ಆರು ಪದರಗಳ ಪೈಕಿ ಐದನೆಯದರಲ್ಲಿ ಕೆಲವು ಕೋಶಗಳು ಮೊದಲು ಮಿಡಿಯುತ್ತವೆ. ಅವು ನೆರೆಯ ಕೋಶಗಳನ್ನು ಕೆರಳಿಸುತ್ತವೆ, ಆ ನೆರೆಯವು ತಿರುಗಿ ಇವನ್ನೇ ಕೆರಳಿಸುತ್ತವೆ. ತಡೆಯುವ ಕೋಶಗಳೂ ಅದೇ ಹೊತ್ತಿಗೆ ಎಚ್ಚೆತ್ತು ಅಬ್ಬರವನ್ನು ಹತೋಟಿಯಲ್ಲಿಡುತ್ತವೆ. ಔಷಧಿ ಹಾಕಿ ಅವುಗಳ ಬಾಯಿ ಕಟ್ಟಿದರೆ ಅಪಸ್ಮಾರದಂಥ ಸ್ಫೋಟವೇ ಕಾಣುತ್ತದೆ.

ಹಾಗಾದರೆ ನಿಲ್ಲುವುದು ಹೇಗೆ? ಪ್ರತಿ ಮಿಡಿತಕ್ಕೂ ಕೋಶದೊಳಗೆ ಸೋಡಿಯಂ, ಕ್ಯಾಲ್ಸಿಯಂ ನುಗ್ಗುತ್ತವೆ. ಇವು ಜಾಸ್ತಿಯಾದಂತೆ ಕೆಲವು ಪೊಟ್ಯಾಸಿಯಂ ಬಾಗಿಲುಗಳು ತೆರೆಯುತ್ತವೆ. ಪೊಟ್ಯಾಸಿಯಂ ಹೊರಹೋಗಿ ಕೋಶದ ವೋಲ್ಟೇಜ್ ಇಳಿಯುತ್ತದೆ. ನೆರೆಯವರ ಪ್ರಚೋದನೆ ಸಾಲದೆ ಇಡೀ ಜಾಲ ತಣ್ಣಗಾಗುತ್ತದೆ. ಒಂದು ಮಿಡಿತಕ್ಕೆ ಮಿಲಿಸೆಕೆಂಡೊಂದು ಸಾಕು. ಆದರೆ ಒಳಗೆ ಸೇರಿದ್ದನ್ನು ಹೊರಹಾಕಿ ಬಾಗಿಲು ಮುಚ್ಚಲು ಸೆಕೆಂಡುಗಳೇ ಬೇಕು. ತಾಳ ನಿಧಾನವಾಗಿರುವುದು ಇದಕ್ಕೇ.

ಎಚ್ಚರವಿದ್ದಾಗ ಅಸಿಟೈಲ್‌ಕೋಲಿನ್‌ನಂಥ ರಾಸಾಯನಿಕಗಳು ಈ ಬಗೆಯ ಬಾಗಿಲುಗಳನ್ನು ಮುಚ್ಚಿಸುತ್ತವೆ, ತಾಳ ಮಾಯವಾಗುತ್ತದೆ. ಇಡೀ ಮಿದುಳಿನಲ್ಲಿ, ಹೊರಪದರಕ್ಕೆ ಸಂದೇಶ ದಾಟಿಸುವ ಒಳಭಾಗವಾದ ಥಲಾಮಸ್ ಕೂಡ ಈ ತಾಳಕ್ಕೆ ಕೈಜೋಡಿಸುತ್ತದೆ. ಅದರ ಪಾಲು ಎಷ್ಟೆಂಬುದು ಹೋಳಿನಲ್ಲಿ ತಿಳಿಯುವ ಮಾತಲ್ಲ.