ಆಟೋಮ್ಯಾಟಿಕ್ ಪಿಕಪ್ಪಿನ ಗೇರ್ ಕಂಪ್ಯೂಟರನ್ನು ಮನೆಯಂಗಳದಲ್ಲೇ ರೀಸೆಟ್ ಮಾಡುವುದು

ನಮ್ಮ ಕಾಸರಗೋಡಿನಲ್ಲಿ ಪಿಕಪ್ ಅಂದರೆ ಮೊದಲು ಕಣ್ಣಮುಂದೆ ಬರುವುದು ಅಡಿಕೆ ಮೂಟೆ, ಕೆಂಪುಕಲ್ಲು ಹೊರುವ ಬೊಲೆರೊ. ಅದು ಕ್ಲಚ್ ತುಳಿದು ಕೈಯಲ್ಲಿ ಗೇರ್ ಹಾಕುವ ಗಾಡಿ, ಈ ಬರಹ ಅದಕ್ಕಲ್ಲ. ಇಲ್ಲಿ ಹೇಳುವುದು ಇಸುಜು ವಿ-ಕ್ರಾಸ್, ಟೊಯೊಟಾ ಹೈಲಕ್ಸ್‌ನಂಥವುಗಳ ಆಟೋಮ್ಯಾಟಿಕ್ ಮಾದರಿಗಳ ವಿಷಯ.

ಇವುಗಳ ಗೇರ್‌ಬಾಕ್ಸನ್ನು ನಡೆಸುವುದು ಟಿಸಿಎಂ ಎಂಬ ಕಂಪ್ಯೂಟರ್. ಕೆಲವದರಲ್ಲಿ ಅದು ಬೇರೆಯೇ ಡಬ್ಬಿ, ಕೆಲವದರಲ್ಲಿ ಎಂಜಿನ್ ಕಂಪ್ಯೂಟರಿನ ಹೊಟ್ಟೆಯೊಳಗೇ ಇರುತ್ತದೆ. ಗಾಡಿಯ ವೇಗ, ಆಕ್ಸಿಲರೇಟರ್ ಎಷ್ಟು ತುಳಿದಿದ್ದೀರಿ, ಗೇರ್ ಆಯಿಲ್ ಎಷ್ಟು ಬಿಸಿಯಾಗಿದೆ ಎಂಬುದನ್ನೆಲ್ಲ ನೋಡಿಕೊಂಡು, ಒಳಗಿನ ಕ್ಲಚ್‌ಗಳಿಗೆ ಎಷ್ಟು ಒತ್ತಡದಲ್ಲಿ ಆಯಿಲ್ ಬಿಡಬೇಕೆಂದು ಸೊಲೆನಾಯ್ಡ್‌ಗಳ (ಕರೆಂಟಿನಿಂದ ನಡೆಯುವ ಕವಾಟಗಳ) ಮೂಲಕ ತೀರ್ಮಾನಿಸುತ್ತದೆ. ಕ್ಲಚ್ ಸವೆದಂತೆ ಈ ಲೆಕ್ಕವನ್ನು ಅಷ್ಟಷ್ಟೇ ತಿದ್ದಿ ನೆನಪಿಟ್ಟುಕೊಳ್ಳುತ್ತದೆ. ಹೀಗೆ ತಿದ್ದಿಟ್ಟ ಲೆಕ್ಕಕ್ಕೆ ಅಡಾಪ್ಟೇಶನ್ ಎಂದು ಹೆಸರು.

ಮೂರು ಬೇರೆಬೇರೆ ಕೆಲಸಗಳಿಗೆ ಎಲ್ಲರೂ ‘ರೀಸೆಟ್’ ಎಂಬ ಒಂದೇ ಹೆಸರು ಹೇಳುತ್ತಾರೆ. ಗೊಂದಲ ಶುರುವಾಗುವುದೇ ಅಲ್ಲಿ. ಎಚ್ಚರಿಕೆ ದೀಪ ಆರಿಸಲು ದೋಷದ ಕೋಡ್ ಅಳಿಸುವುದು ಒಂದು. ಬ್ಯಾಟರಿ ಕಳಚಿ ಕಂಪ್ಯೂಟರಿಗೆ ಕರೆಂಟ್ ತಪ್ಪಿಸುವುದು ಇನ್ನೊಂದು. ಅಡಾಪ್ಟೇಶನ್ನನ್ನೇ ಅಳಿಸಿ ಕಾರ್ಖಾನೆಯ ಲೆಕ್ಕಕ್ಕೆ ತರುವುದು ಮೂರನೆಯದು. ಹಳೆಯ ಗಾಡಿಗಳಲ್ಲಿ ಬ್ಯಾಟರಿ ತೆಗೆದರೆ ಮೂರೂ ಒಟ್ಟಿಗೆ ಆಗುತ್ತಿತ್ತು. ಈಗಿನ ಹಲವು ಗಾಡಿಗಳಲ್ಲಿ ಅಡಾಪ್ಟೇಶನ್ ಕೂರುವುದು ಕರೆಂಟ್ ಹೋದರೂ ಅಳಿಯದ ಮೆಮೊರಿಯಲ್ಲಿ. ರಾತ್ರಿಯಿಡೀ ಬ್ಯಾಟರಿ ಕಳಚಿಟ್ಟರೂ ಅದು ಜಪ್ಪಯ್ಯ ಅನ್ನುವುದಿಲ್ಲ. ಅದನ್ನು ಅಳಿಸಲು ಆ ಕಂಪನಿಯ ಗೇರ್‌ಬಾಕ್ಸ್‌ವರೆಗೆ ಇಳಿದು ಮಾತಾಡಬಲ್ಲ ಸ್ಕ್ಯಾನರೇ ಬೇಕು. ಮೊಬೈಲಿಗೆ ಜೋಡಿಸುವ ಅಗ್ಗದ ಇಎಲ್‌ಎಂ 327 ಬ್ಲೂಟೂತ್ ಅಡಾಪ್ಟರ್ ಸಾಮಾನ್ಯ ಕೋಡ್ ಓದುತ್ತದೆ, ಅಳಿಸುತ್ತದೆ. ಅಲ್ಲಿಗೆ ಅದರ ಕೆಲಸ ಮುಗಿಯಿತು.

ಅಳಿಸುವ ಮೊದಲು ಓದಿ

ಸ್ಟೀರಿಂಗಿನ ಕೆಳಗೆ, ಡ್ಯಾಶ್‌ಬೋರ್ಡಿನ ತಳದಲ್ಲಿ ಗಾಡಿಯ ದೋಷ ಓದಲು ಬಳಸುವ 16 ಪಿನ್ನಿನ ಒಬಿಡಿ ಸಾಕೆಟ್ ಇದೆ. ಎಂಜಿನ್ ಸ್ಟಾರ್ಟ್ ಮಾಡದೆ ಕೀ ಆನ್ ಮಾಡಿ ಅಡಾಪ್ಟರ್ ಜೋಡಿಸಿ, ಬಂದ ಕೋಡ್‌ಗಳನ್ನೆಲ್ಲ ಕಾಗದದಲ್ಲಿ ಬರೆದುಕೊಳ್ಳಿ. ಪಿ0700 ಒಂದೇ ಬಂದರೆ ‘ಗೇರ್ ಕಂಪ್ಯೂಟರಿಗೆ ಏನೋ ದೂರಿದೆ, ಒಳಗೆ ಹೋಗಿ ಕೇಳು’ ಎಂದಷ್ಟೇ ಅರ್ಥ. ದೋಷ ಯಾವುದೆಂದು ಅದು ಹೇಳುವುದಿಲ್ಲ. ಪಿ0715 ಅಂದರೆ ಇನ್‌ಪುಟ್ ವೇಗದ ಸೆನ್ಸರ್, ಪಿ0720 ಔಟ್‌ಪುಟ್ ವೇಗದ ಸೆನ್ಸರ್. ಪಿ0730 ಬಂದರೆ ಹಾಕಿದ ಗೇರಿಗೂ ನಿಜವಾದ ವೇಗಕ್ಕೂ ತಾಳೆಯಾಗುತ್ತಿಲ್ಲ, ಅಂದರೆ ಒಳಗೆ ಜಾರುತ್ತಿರಬಹುದು. ಯು0101 ಬಂದರೆ ಟಿಸಿಎಂ ಜೊತೆ ಮಾತೇ ನಿಂತಿದೆ. ವಯರ್, ಫ್ಯೂಸ್, ಕನೆಕ್ಟರ್ ನೋಡದೆ ಬೇರೇನೂ ಮಾಡಬೇಡಿ.

ಆಮೇಲೆ ಗೇರ್ ಆಯಿಲ್. ಚೆನ್ನಾಗಿರುವುದು ಹೆಚ್ಚಾಗಿ ಕೆಂಪಗೆ ತಿಳಿಯಾಗಿರುತ್ತದೆ. ಕಪ್ಪಾಗಿ ಕರಟಿದ ವಾಸನೆ ಬಂದರೆ ರೀಸೆಟ್ಟಿನ ಮಾತೇ ಬೇಡ. ಸವೆದ ಕ್ಲಚ್‌ಗೆ ಹೊಂದಿಕೊಳ್ಳಲೆಂದೇ ಕಂಪ್ಯೂಟರ್ ಒತ್ತಡ ತಿದ್ದಿಟ್ಟಿರುತ್ತದೆ. ಆ ನೆನಪನ್ನು ಅಳಿಸಿದರೆ ಹೇಗೋ ಓಡುತ್ತಿದ್ದ ಗಾಡಿ ಮರುದಿನ ಅಂಗಳದಿಂದಲೇ ಏಳಲಿಕ್ಕಿಲ್ಲ. ಹೊಸ ಗಾಡಿಗಳಲ್ಲಿ ಹಲವಕ್ಕೆ ಡಿಪ್‌ಸ್ಟಿಕ್ಕೇ ಇಲ್ಲ. ಆಯಿಲಿನ ಬಿಸಿ ನಿಗದಿತ ಡಿಗ್ರಿಯಲ್ಲಿದ್ದಾಗ ಅಡಿಯ ಓವರ್‌ಫ್ಲೋ ಪ್ಲಗ್ ಬಿಚ್ಚಿ ಮಟ್ಟ ನೋಡಬೇಕು, ಅದು ರ‍್ಯಾಂಪ್ ಇರುವ ವರ್ಕ್‌ಶಾಪಿನ ಕೆಲಸ.

ಇನ್ನು ಬ್ಯಾಟರಿ. ವೋಲ್ಟೇಜ್ ಕುಸಿದರೆ ಗೇರ್ ಕಂಪ್ಯೂಟರ್ ಇಲ್ಲದ ದೋಷಗಳನ್ನೆಲ್ಲ ಹೇಳುತ್ತದೆ. ಅದನ್ನು ನಂಬಿ ಗೇರ್‌ಬಾಕ್ಸಿಗೆ ಕೈ ಹಾಕುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ರಾತ್ರಿ ನಿಲ್ಲಿಸಿದ ಗಾಡಿಯಲ್ಲಿ ಬೆಳಿಗ್ಗೆ ಮಲ್ಟಿಮೀಟರ್ 12.4ರಿಂದ 12.7 ವೋಲ್ಟ್ ತೋರಿಸಬೇಕು. ಸ್ಟಾರ್ಟ್ ಮಾಡುವ ಕ್ಷಣದಲ್ಲಿ 9.6ಕ್ಕಿಂತ ಕೆಳಗೆ ಬೀಳಬಾರದು. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.7. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದು ಎಂಜಿನ್ನಿನ ಬರಿ ಲೋಹಕ್ಕೆ ತಾಗಿಸಿ ಯಾರಿಗಾದರೂ ಸ್ಟಾರ್ಟ್ ಹೊಡೆಯಲು ಹೇಳಿ. ಅರ್ಧ ವೋಲ್ಟ್ ದಾಟಿದರೆ ಅರ್ತ್ ವಯರಿನ ಬೋಲ್ಟು ತುಕ್ಕು ಹಿಡಿದಿದೆ ಅಥವಾ ಸಡಿಲಾಗಿದೆ. ಕುಂಬಳೆ, ಉಪ್ಪಳ, ಮಂಜೇಶ್ವರದ ಕಡಲ ಪಕ್ಕದ ಮನೆಗಳಲ್ಲಿ ಮೊದಲು ನೋಡಬೇಕಾದದ್ದೇ ಇದು; ಉಪ್ಪುಗಾಳಿ ಲೋಹವನ್ನು ಬಿಡುವುದಿಲ್ಲ. ಒಳನಾಡಿನ ಮುಳ್ಳೇರಿಯ, ಬದಿಯಡ್ಕದ ಕಡೆ ಅಡಿಕೆ ಕೊಟ್ಟಿಗೆಯಲ್ಲಿ ಗಾಡಿ ನಿಲ್ಲಿಸುವವರು ಇಲಿ ಕಡಿದ ವಯರನ್ನು ಹುಡುಕುವುದು ಒಳ್ಳೆಯದು.

ಬ್ಯಾಟರಿ ಕಳಚುವುದು

ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಗೇರ್ ಪಿ-ಯಲ್ಲಿಟ್ಟು ಹ್ಯಾಂಡ್‌ಬ್ರೇಕ್ ಎಳೆಯಿರಿ. ಡ್ರೈವರ್ ಬದಿಯ ಗ್ಲಾಸ್ ಇಳಿಸಿ, ಬಾಗಿಲು ಲಾಕ್ ಬಿದ್ದರೆ ಹೊರಗೆ ನಿಲ್ಲಬೇಕಾದೀತು. ಮ್ಯೂಸಿಕ್ ಸಿಸ್ಟಮ್‌ಗೆ ಕೋಡ್ ಇದ್ದರೆ ಮೊದಲೇ ಹುಡುಕಿಟ್ಟುಕೊಳ್ಳಿ. ಕೀ ತೆಗೆದು ಹತ್ತು ನಿಮಿಷ ಸುಮ್ಮನಿರಿ. ಎಂಜಿನ್ ನಿಂತ ಮೇಲೂ ಕಂಪ್ಯೂಟರ್‌ಗಳು ಸ್ವಲ್ಪ ಹೊತ್ತು ಲೆಕ್ಕ ಬರೆದಿಡುತ್ತಿರುತ್ತವೆ. ಆ್ಯಡ್‌ಬ್ಲೂ (ಡೀಸೆಲ್ ಹೊಗೆ ಶುದ್ಧಮಾಡುವ ದ್ರವ) ಹಾಕುವ ಗಾಡಿಯಾದರೆ ಕಾಯಲೇಬೇಕು, ಅದರ ಪಂಪು ಕೊಳವೆ ಖಾಲಿ ಮಾಡಿ ಮುಗಿಸುವ ಮೊದಲೇ ಕರೆಂಟ್ ತಪ್ಪಿಸಿದರೆ ಉಳಿದ ದ್ರವ ಒಣಗಿ ಹರಳುಗಟ್ಟುತ್ತದೆ.

ಹೆಚ್ಚಾಗಿ 10 ಎಂಎಂ ಸ್ಪ್ಯಾನರ್ ಸಾಕು. ಮೊದಲು ನೆಗೆಟಿವ್ ಸಡಿಲಿಸಿ ಪಕ್ಕಕ್ಕೆ ಸರಿಸಿ, ಬಟ್ಟೆ ಸುತ್ತಿಡಿ. ಪಾಸಿಟಿವ್ ಮೊದಲು ಬಿಚ್ಚಲು ಹೋಗಿ ಸ್ಪ್ಯಾನರ್ ಗಾಡಿಯ ಲೋಹದ ಮೈಗೆ ತಾಗಿದರೆ ಕಿಡಿ ಹಾರಿ ಕೈ ಸುಡುತ್ತದೆ. ಕೇಬಲ್ ತೆಗೆದ ಮೇಲೆ ಕೀ ಆನ್ ಮಾಡಿ, ಹೆಡ್‌ಲೈಟ್ ಸ್ವಿಚ್ ಒತ್ತಿ, ಬ್ರೇಕ್ ಪೆಡಲ್ ಒಂದು ನಿಮಿಷ ತುಳಿದುಹಿಡಿಯಿರಿ. ಉಳಿದಿರುವ ಚೂರುಪಾರು ಕರೆಂಟ್ ಇಳಿಯುತ್ತದೆ. ಕೀ ಮತ್ತು ಸ್ವಿಚ್ ಮತ್ತೆ ಆಫ್ ಮಾಡಿ ಅರ್ಧ ಗಂಟೆ ಬಿಡಿ. ಎರಡು ಕೇಬಲ್ ಒಂದಕ್ಕೊಂದು ತಾಗಿಸುವ ಚಾಳಿ ಕೆಲವರಿಗಿದೆ. ಅದರಿಂದ ಬರುವ ಲಾಭಕ್ಕಿಂತ ತಪ್ಪಿ ಬ್ಯಾಟರಿ ಕಂಬಕ್ಕೆ ತಾಗುವ ಭಯ ದೊಡ್ಡದು.

ಈ ಅರ್ಧ ಗಂಟೆಯಲ್ಲಿ ಟರ್ಮಿನಲ್ ತೊಳೆಯಬಹುದು. ಬಿಳಿ-ಹಸಿರು ಕಿಲುಬು ಹೂಕೋಸಿನಂತೆ ಕಂಬದ ಸುತ್ತ ಬೆಳೆದಿದ್ದರೆ ಪಾಸಿಟಿವ್ ಕೇಬಲ್ಲನ್ನೂ ಬಿಚ್ಚಿ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಒಂದು ದೊಡ್ಡ ಚಮಚ ಅಡುಗೆ ಸೋಡಾ ಕಲಸಿ ಹಳೆಯ ಹಲ್ಲುಜ್ಜುವ ಬ್ರಷ್‌ನಲ್ಲಿ ಹಚ್ಚಿದರೆ ಬುರುಬುರು ನೊರೆ ಏಳುತ್ತದೆ. ನೊರೆ ನಿಲ್ಲುವವರೆಗೆ ಉಜ್ಜಿ. ಸೋಡಾ ನೀರು ಬ್ಯಾಟರಿಯ ಮುಚ್ಚಳಗಳೊಳಗೆ ಇಳಿಯಬಾರದು. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಪಾಸಿಟಿವ್ ಮೊದಲು, ನೆಗೆಟಿವ್ ಕೊನೆಗೆ ಹಾಕಿ. ಕೈಯಲ್ಲಿ ತಿರುಚಿದರೆ ಕ್ಲ್ಯಾಂಪು ಅಲುಗಬಾರದು, ಅಷ್ಟು ಬಿಗಿ ಸಾಕು. ಸೀಸದ ಕಂಬ ಮೆದು. ಮೇಲಿಂದ ತೆಳ್ಳಗೆ ಪೆಟ್ರೋಲಿಯಂ ಜೆಲ್ಲಿ ಸವರಿ.

ಸ್ಕ್ಯಾನರಿನಲ್ಲಿ ಮಾಡುವುದಾದರೆ ಬ್ಯಾಟರಿ ಮುಟ್ಟಬೇಕಿಲ್ಲ. ಟ್ರಾನ್ಸ್‌ಮಿಶನ್ ವಿಭಾಗಕ್ಕೆ ಹೋಗಿ, ಮೊದಲು ಕೋಡ್ ಅಳಿಸಿ, ಆಮೇಲೆ ಅಡಾಪ್ಟೇಶನ್ ರೀಸೆಟ್ ಕೊಡಿ. ಕಂಪನಿಗೊಂದು ಹೆಸರಿರುತ್ತದೆ, ಟೊಯೊಟಾದಲ್ಲಿ ಅದು ‘ರೀಸೆಟ್ ಮೆಮೊರಿ’. ನಡುವೆ ಕೀ ಆಫ್ ಮಾಡಬೇಡಿ. ಕೀ ಆನ್ ಮಾಡಿ ಆಕ್ಸಿಲರೇಟರ್ ಒತ್ತಿಹಿಡಿಯುವ ವಿಧಾನ ಕೆಲವು ಮಾದರಿಗಳಲ್ಲಷ್ಟೇ ನಡೆಯುತ್ತದೆ, ನಿಮ್ಮ ಗಾಡಿಯ ಕೈಪಿಡಿಯಲ್ಲಿಲ್ಲದಿದ್ದರೆ ನಂಬಬೇಡಿ.

ಮತ್ತೆ ಕಲಿಸುವುದು

ಹೆಚ್ಚಿನವರು ಎಡವುವುದು ಇಲ್ಲಿ. ರೀಸೆಟ್ ಆದ ಕೂಡಲೇ ಮೂಟೆ ತುಂಬಿ ಚೆರ್ಕಳ–ಕಲ್ಲಡ್ಕ ರಸ್ತೆಯ ಏರುತಿರುವಿಗೆ ಬಿಟ್ಟರೆ ಕಂಪ್ಯೂಟರ್ ಕಲಿಯುವ ಮೊದಲ ಪಾಠ ಅದೇ ಆಗುತ್ತದೆ. ಗಾಡಿ ಖಾಲಿ ಇರಲಿ, 4x4 ಇದ್ದರೆ 2ಎಚ್‌ನಲ್ಲಿ, ಅಂದರೆ ಎರಡೇ ಚಕ್ರ ಎಳೆಯುವಂತೆ ಇರಲಿ. ಎಂಜಿನ್ ಸ್ಟಾರ್ಟ್ ಮಾಡಿ ಐದು ನಿಮಿಷ ಐಡಲ್‌ನಲ್ಲಿ ಬಿಡಿ. ಬ್ರೇಕ್ ಒತ್ತಿಕೊಂಡೇ ಎನ್‌ನಿಂದ ಡಿ-ಗೆ, ಮತ್ತೆ ಎನ್‌ಗೆ, ಅಲ್ಲಿಂದ ಆರ್‌ಗೆ, ಪ್ರತಿ ಸಲ ಮೂರು-ನಾಲ್ಕು ಸೆಕೆಂಡ್ ನಿಲ್ಲಿಸಿ ಹಾಕಿ. ಐದಾರು ಸಲ ಹೀಗೆ ಆಗಲಿ.

ಬೆಳಿಗ್ಗೆ ಬೇಗ, ರಸ್ತೆ ಖಾಲಿ ಇರುವಾಗ ಎನ್‌ಎಚ್ 66ರ ಸಮತಟ್ಟಾದ ಭಾಗ ಹಿಡಿಯಿರಿ. ಹದಿನೈದಿಪ್ಪತ್ತು ನಿಮಿಷ ಓಡಿದ ಮೇಲೆ ಆಯಿಲ್ ಬಿಸಿಯಾಗುತ್ತದೆ, ಕಲಿಕೆ ಶುರುವಾಗುವುದು ಆಗಲೇ. ಆಕ್ಸಿಲರೇಟರನ್ನು ಕಾಲು ಭಾಗಕ್ಕಿಂತ ಹೆಚ್ಚು ಒತ್ತದೆ, ಒಂದೇ ಹದದಲ್ಲಿ ಹಿಡಿದು, ನಿಂತಲ್ಲಿಂದ ಮೇಲಿನ ಗೇರಿನವರೆಗೆ ಏರಿಸಿ. ಹಿಂದೆ ಗಾಡಿ ಇಲ್ಲದ ಕಡೆ ಕಾಲು ತೆಗೆದು ತಾನಾಗಿ ನಿಧಾನವಾಗಲು ಬಿಟ್ಟು, ಕೊನೆಗೆ ಮೆಲ್ಲ ಬ್ರೇಕ್ ಹಿಡಿದು ನಿಲ್ಲಿಸಿ. ಆರೆಂಟು ಸಲ ಮಾಡಿದರೆ ಗೇರ್ ಬೀಳುವಾಗಿನ ಗುದ್ದು ಕಡಿಮೆಯಾಗುವುದು ಸೀಟಿನಲ್ಲೇ ಗೊತ್ತಾಗುತ್ತದೆ. ಅಲ್ಪಸ್ವಲ್ಪ ಒರಟುತನ ಇನ್ನೂ ಕೆಲವು ದಿನ ಉಳಿಯಬಹುದು. ಆದರೆ ಎಂಜಿನ್ ಕೂಗಿ ವೇಗ ಏರದಿದ್ದರೆ ಅದು ಜಾರಿಕೆ, ಅಲ್ಲಿಗೇ ನಿಲ್ಲಿಸಿ.

ಪವರ್ ವಿಂಡೋ ಒಂದೇ ಒತ್ತಿಗೆ ಮೇಲೇರದಿದ್ದರೆ ಹೆದರಬೇಡಿ. ಸ್ವಿಚ್ಚನ್ನು ಪೂರ್ತಿ ಮೇಲೆ ಎಳೆದು ಗ್ಲಾಸ್ ಮುಚ್ಚಿದ ಮೇಲೂ ಕೆಲವು ಸೆಕೆಂಡ್ ಹಿಡಿದರೆ ಹಲವು ಗಾಡಿಗಳಲ್ಲಿ ಸರಿಹೋಗುತ್ತದೆ.

ದೀಪ ಮತ್ತೆ ಬಂದರೆ ಯಾವಾಗ ಬಂತೆಂದು ಗಮನಿಸಿ. ಕೀ ಆನ್ ಮಾಡಿದ ತಕ್ಷಣ ಬಂದರೆ ಹೆಚ್ಚಾಗಿ ವಯರ್, ಕನೆಕ್ಟರ್, ಸೆನ್ಸರ್ ಅಥವಾ ಸೊಲೆನಾಯ್ಡಿನ ಕಾಯಿಲೆ. ಹತ್ತಾರು ಕಿಲೋಮೀಟರ್ ಓಡಿ ಆಯಿಲ್ ಬಿಸಿಯಾದ ಮೇಲೆ, ಒಂದೇ ಗೇರ್ ಬದಲಾಗುವಾಗ ಬಂದರೆ ಒತ್ತಡ ಸೋರುವುದು ಅಥವಾ ಕ್ಲಚ್ ಸವೆತದ ಮೇಲೆ ಅನುಮಾನ ಪಡಬಹುದು. ಹಳೆಯ ಕೋಡ್, ಹೊಸ ಕೋಡ್, ಬಂದ ಹೊತ್ತು, ಆಗ ಇದ್ದ ಗೇರ್, ಈ ನಾಲ್ಕನ್ನು ಒಂದೇ ಚೀಟಿಯಲ್ಲಿ ಬರೆದು ವರ್ಕ್‌ಶಾಪಿನವರ ಕೈಗೆ ಕೊಡಿ.